ರಿಮೈಂಡರ್ ಇಟ್ಟರೂ ಫೋನ್ ಹೊಡೆಯಲ್ವಾ? ಅಂಗಡಿಗೂ ಮನೆಗೂ ಬೇಕಾದ ಸೆಟ್ಟಿಂಗ್ ಇಲ್ಲಿದೆ

ಬಸ್ ಸ್ಟ್ಯಾಂಡ್ ರಸ್ತೆಯ ಕಿರಾಣಿ ಅಂಗಡಿಯವರೊಬ್ಬರು ಹೋದ ವಾರ ಟೀ ಕುಡಿಯುತ್ತಾ ತಮ್ಮ ಫೋನ್ ತೋರಿಸಿದರು. 'ನೋಡಪ್ಪ, 20ನೇ ತಾರೀಕು ಜಿಎಸ್‌ಟಿ ಅಂತ ಹಾಕಿದೀನಿ. ಪ್ರತಿ ತಿಂಗಳು ಅಂತಾನೂ ಒತ್ತಿದೀನಿ. ಹೊಡೀಲೇ ಇಲ್ಲ, ಆರು ದಿನ ಲೇಟಾಯ್ತು.' 3ಬಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕೇಂದ್ರದ್ದು 25, ರಾಜ್ಯದ್ದು 25. ವ್ಯವಹಾರವೇ ಇಲ್ಲದ ನಿಲ್ ರಿಟರ್ನ್ ಆದರೆ ದಿನಕ್ಕೆ 20. ಆರು ದಿನಕ್ಕೆ 300 ರೂಪಾಯಿ, ಅದರ ಮೇಲೆ ಕಟ್ಟಬೇಕಿದ್ದ ತೆರಿಗೆಗೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಬಡ್ಡಿ. ದುಡ್ಡಿಗಿಂತ ಫೋನ್ ನಂಬಿಕೊಂಡು ಕೂತಿದ್ದೇ ಅವರಿಗೆ ಬೇಜಾರು.

ನನಗೆ ನಗು ಬರಲಿಲ್ಲ. ಯಾಕಂದ್ರೆ ನಮ್ಮನೇಲೂ ಇದೇ ಆಗಿತ್ತು, ಅದೂ ಅಮ್ಮನ ಬಿಪಿ ಮಾತ್ರೆ ವಿಷಯದಲ್ಲಿ. ಅಮ್ಮನ ಫೋನ್‌ಗೆ ನಾನೇ ಒಂದು ರಿಮೈಂಡರ್ ಆ್ಯಪ್ ಹಾಕಿ, ರಾತ್ರಿ ಎಂಟಕ್ಕೆ ದಿನಾ ಹೊಡೆಯೋ ಹಾಗೆ ಮಾಡಿ, ದೊಡ್ಡ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಮೊದಲ ಮೂರು ದಿನ ಸರಿಯಾಗಿ ಹೊಡೀತು. ಆಮೇಲೆ ನಿಂತುಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಗಂಟೆ ಹೊಡೆದರೆ ಕೇಳಿಸುತ್ತೆ, ಹೊಡೆಯದೇ ಇದ್ದದ್ದು ಯಾರಿಗೆ ಕೇಳಿಸುತ್ತೆ? ತಲೆಸುತ್ತು ಅಂತ ಅಮ್ಮನನ್ನು ಆಸ್ಪತ್ರೆಗೆ ಕರ್ಕೊಂಡು ಹೋದಾಗ ಡಾಕ್ಟರ್ ಮಾತ್ರೆ ಪಟ್ಟಿ ಕೇಳಿದರು. ಎಣಿಸಿ ನೋಡಿದರೆ ಹತ್ತು ಮಾತ್ರೆ ಹಾಗೇ ಉಳಿದಿತ್ತು.

ಅವತ್ತಿನಿಂದ ಈ ವಿಷಯದ ಹಿಂದೆ ಬಿದ್ದೆ. ಅಂಗಡಿಯವರ ಫೋನ್ ಸರಿ ಮಾಡಿಕೊಟ್ಟ ಮೇಲೆ ಇನ್ನೂ ನಾಲ್ಕು ಜನ ಫೋನ್ ಹಿಡ್ಕೊಂಡು ಬಂದರು. ಅದಕ್ಕೇ ಇದನ್ನು ಬರೆದುಬಿಡೋಣ ಅನ್ನಿಸಿತು.

ಹೊಡೆಯದೇ ಇರೋದಕ್ಕೆ ಕಾರಣ ಏನು?

ತಪ್ಪು ನಿಮ್ಮದಲ್ಲ, ಹೆಚ್ಚಿನ ಸಲ ಆ್ಯಪ್‌ದೂ ಅಲ್ಲ. ಬ್ಯಾಟರಿ ಉಳಿಸೋಕೆ ಫೋನ್ ಮಾಡೋ ಕೆಲಸ ಇದು. 2015ರಲ್ಲಿ ಆ್ಯಂಡ್ರಾಯ್ಡ್ 6 ಬಂದಾಗಿನಿಂದ 'ಡೋಜ್' ಅನ್ನೋ ವ್ಯವಸ್ಥೆ ಇದೆ. ಫೋನನ್ನು ಮುಟ್ಟದೇ ಸ್ವಲ್ಪ ಹೊತ್ತು ಟೇಬಲ್ ಮೇಲೆ ಇಟ್ಟರೆ ಅದು ನಿದ್ದೆಗೆ ಜಾರುತ್ತೆ, ಒಳಗಿರೋ ಆ್ಯಪ್‌ಗಳನ್ನೂ ಮಲಗಿಸುತ್ತೆ. ಇದರ ಮೇಲೆ ನಮ್ಮ ಕಡೆ ಹೆಚ್ಚು ಓಡೋ ರೆಡ್ಮಿ, ವಿವೋ, ಒಪ್ಪೋ, ರಿಯಲ್‌ಮಿ, ಸ್ಯಾಮ್‌ಸಂಗ್‌ನವರು ತಮ್ಮದೂ ಒಂದಿಷ್ಟು ಬ್ಯಾಟರಿ ಕಟ್ಟುಪಾಡು ಸೇರಿಸಿದ್ದಾರೆ. ಎರಡು ಮೂರು ದಿನ ನೀವು ತೆರೆದು ನೋಡದ ಆ್ಯಪ್ 'ಬೇಡವಾದದ್ದು' ಅನ್ನೋ ಲೆಕ್ಕಕ್ಕೆ ಹೋಗುತ್ತೆ. ರಿಮೈಂಡರ್ ಆ್ಯಪನ್ನು ಯಾರು ದಿನಾ ತೆರೆದು ನೋಡ್ತಾರೆ? ಹೀಗಾಗಿ ಮೊದಲು ಸಾಯೋದು ಅದೇ.

ಇದರಿಂದ ತಪ್ಪಿಸಿಕೊಂಡಿರೋದು ಒಂದೇ, ಫೋನ್ ಜೊತೆ ಬರುವ ಗಡಿಯಾರದ ಆ್ಯಪ್‌ನ ಅಲಾರಂ. ಫೋನ್ ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಅಲಾರಂಗೆ ಎಬ್ಬಿಸುವ ಹಕ್ಕು ಇದೆ. ಫೋನ್ ಸೈಲೆಂಟ್‌ನಲ್ಲಿದ್ದರೂ ಹೊಡೆಯುತ್ತೆ, ಯಾಕಂದ್ರೆ ಅಲಾರಂ ಸೌಂಡ್ ಬೇರೆ, ರಿಂಗ್ ಸೌಂಡ್ ಬೇರೆ. ಆ ಅಲಾರಂ ಸೌಂಡನ್ನೇ ಯಾರೋ ಪೂರ್ತಿ ಇಳಿಸಿಟ್ಟಿರ್ತಾರೆ (ಹೆಚ್ಚಾಗಿ ಮನೆ ಮಕ್ಕಳು), ಅದೊಂದು ನೋಡಿಕೊಳ್ಳಿ.

ಆದ್ದರಿಂದ ನನ್ನ ಲೆಕ್ಕ ಇಷ್ಟು. ದಿನಾ ಅಥವಾ ವಾರಕ್ಕೆ ಇಂತಿಂಥ ದಿನ ಮಾಡಲೇಬೇಕಾದ ಕೆಲಸ, ಅಂದ್ರೆ ಮಾತ್ರೆ, ಸಂಘದ ಕಂತು, ನೀರು ಬಿಡೋ ಸಮಯ, ಇದಕ್ಕೆಲ್ಲ ಯಾವ ಹೊಸ ಆ್ಯಪೂ ಬೇಡ. ಗಡಿಯಾರದ ಅಲಾರಂನಲ್ಲೇ ವಾರ ಆರಿಸಿ, 'ಲೇಬಲ್' ಅನ್ನೋ ಕಡೆ ಕೆಲಸದ ಹೆಸರು ಬರೆದುಬಿಡಿ. ಗೂಗಲ್ ಕ್ಲಾಕ್‌ನಲ್ಲಿ ನೀವೇ ರೆಕಾರ್ಡ್ ಮಾಡಿದ ದನಿಯನ್ನೂ ಅಲಾರಂ ಸದ್ದಾಗಿ ಹಾಕಬಹುದು. ಅಮ್ಮನ ಫೋನ್‌ನಲ್ಲಿ ಈಗ ಎಂಟು ಗಂಟೆಗೆ ನನ್ನ ದನಿಯೇ ಬರುತ್ತೆ, 'ಅಮ್ಮಾ, ಮಾತ್ರೆ' ಅಂತ. ಬೆಳಗ್ಗೆ ಏಳೋ ಅಲಾರಂ, ಮಾತ್ರೆ ಅಲಾರಂ ಎರಡಕ್ಕೂ ಒಂದೇ ಸದ್ದು ಇದ್ದರೆ ಯಾವುದು ಯಾವುದಕ್ಕೆ ಅಂತ ನೋಡದೇ ಆಫ್ ಮಾಡ್ತೀವಿ.

ತಿಂಗಳ ಲೆಕ್ಕಕ್ಕೆ ಕ್ಯಾಲೆಂಡರ್

ಗಡಿಯಾರದ ಆ್ಯಪ್‌ನಲ್ಲಿ ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ಮಾತ್ರ ಮತ್ತೆ ಮತ್ತೆ ಹೊಡೆಯೋ ಹಾಗೆ ಇಡಬಹುದು, ಪ್ರತಿ ತಿಂಗಳು 20ನೇ ತಾರೀಕು ಅಂತ ಇಡೋಕಾಗಲ್ಲ. ತಿಂಗಳು, ಮೂರು ತಿಂಗಳು, ವರ್ಷದ ಲೆಕ್ಕಕ್ಕೆ ಗೂಗಲ್ ಕ್ಯಾಲೆಂಡರ್ ಬೇಕು. ಪ್ಲಸ್ ಗುರುತು ಒತ್ತಿ, 'ಇವೆಂಟ್' ಆರಿಸಿ, ಕೆಲಸದ ಹೆಸರು, ದಿನ, ಸಮಯ ಹಾಕಿ. 'ಡಸ್ ನಾಟ್ ರಿಪೀಟ್' ಅಂತ ಇರೋದನ್ನು ಒತ್ತಿದರೆ ದಿನ, ವಾರ, ತಿಂಗಳು, ವರ್ಷ ಬರುತ್ತೆ. ಕೊನೆಯಲ್ಲಿ 'ಕಸ್ಟಮ್' ಇದೆ. ನಿಜವಾದ ಉಪಯೋಗ ಇರೋದು ಅದರಲ್ಲೇ.

ಉದಾಹರಣೆಗೆ ಮೊಬೈಲ್ ರೀಚಾರ್ಜ್. ತುಂಬಾ ಪ್ಲಾನ್‌ಗಳು 28 ದಿನದ್ದು, ತಿಂಗಳದ್ದಲ್ಲ. ಪ್ರತಿ ತಿಂಗಳು 10ಕ್ಕೆ ಅಂತ ರಿಮೈಂಡರ್ ಇಟ್ಟರೆ ಎರಡನೇ ತಿಂಗಳಿಗೇ ತಪ್ಪುತ್ತೆ, ಯಾಕಂದ್ರೆ ಮುಗಿಯೋ ದಿನ ಪ್ರತಿ ಸಲ ಎರಡು ಮೂರು ದಿನ ಹಿಂದಕ್ಕೆ ಸರಿಯುತ್ತೆ. 28ನ್ನು 13ರಿಂದ ಗುಣಿಸಿದರೆ 364. ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್ ಮಾಡ್ತಿದ್ದೀವಿ ಅನ್ನೋದೂ ಇದರಿಂದ ಗೊತ್ತಾಗುತ್ತೆ. ಕಸ್ಟಮ್‌ನಲ್ಲಿ 'ಪ್ರತಿ 4 ವಾರಕ್ಕೆ' ಅಂತ ಹಾಕಿ, 84 ದಿನದ ಪ್ಲಾನ್ ಆದರೆ 12 ವಾರ. ಅಂಗಡಿಯ ಯುಪಿಐ ನಂಬರ್ ಆ ಸಿಮ್‌ಗೇ ಜೋಡಣೆ ಆಗಿದ್ದರೆ ಇದನ್ನು ಸದರ ಮಾಡಬೇಡಿ.

ಇನ್ನೊಂದು ಎಡವಟ್ಟು 31ನೇ ತಾರೀಕು. ತಿಂಗಳ ಕೊನೆ ಅಂತ 31ಕ್ಕೆ ಇಟ್ಟು 'ಮಂತ್ಲಿ' ಒತ್ತಿದರೆ, 30 ದಿನದ ತಿಂಗಳಲ್ಲಿ ಅದು ಬರೋದೇ ಇಲ್ಲ, ಫೆಬ್ರವರಿಯಲ್ಲೂ ಇಲ್ಲ. ಬಾಡಿಗೆ, ಸಂಬಳ ಏನಿದ್ದರೂ 28ಕ್ಕೆ ಇಟ್ಟುಬಿಡಿ.

ಜಿಎಸ್‌ಟಿ ವಿಷಯಕ್ಕೆ ಬರೋಣ. ಪ್ರತಿ ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, 3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣ ವ್ಯಾಪಾರಿಗಳಿಗೆ ಕರ್ನಾಟಕದಲ್ಲಿ ಅದು 13 ಮತ್ತು 22, ತ್ರೈಮಾಸಿಕ ಮುಗಿದ ಮುಂದಿನ ತಿಂಗಳಲ್ಲಿ. ಕಾಂಪೋಸಿಷನ್‌ನಲ್ಲಿರುವವರು ಸಿಎಂಪಿ-08 ಕಟ್ಟೋದು 18ಕ್ಕೆ. ತ್ರೈಮಾಸಿಕದವರು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಇದರಲ್ಲಿ ಯಾವುದಾದರೂ ಒಂದು ತಿಂಗಳಿಂದ ಶುರು ಮಾಡಿ 'ಪ್ರತಿ 3 ತಿಂಗಳು' ಅಂತ ಹಾಕಿದರೆ ಸಾಕು. ಸರ್ಕಾರ ಕೆಲವು ಸಲ ಗಡುವು ಮುಂದೂಡುತ್ತೆ. ಅದನ್ನು ನಂಬಿ ರಿಮೈಂಡರ್ ಮುಂದಕ್ಕೆ ಹಾಕಬೇಡಿ.

ಕಿರಾಣಿ ಅಂಗಡಿಯವರು ಮಾಡಿದ ಇನ್ನೊಂದು ತಪ್ಪು ಇಲ್ಲೇ ಇದೆ. ಕೊನೇ ದಿನಕ್ಕೇ ಇಟ್ಟಿದ್ದರು, ಅದೂ ಬರೀ 'ಜಿಎಸ್‌ಟಿ' ಅಂತ. ಅದು ಹೊಡೆದಿದ್ದರೂ ಆ ದಿನ ಅವರೇನು ಮಾಡೋಕಾಗ್ತಿತ್ತು? ರಿಟರ್ನ್ ಹಾಕೋದು ಅವರಲ್ಲ, ಅವರ ಅಕೌಂಟೆಂಟ್. ಅವರ ಕೆಲಸ ಬಿಲ್ ತಲುಪಿಸೋದು. ಈಗ ಅವರ ಫೋನ್‌ನಲ್ಲಿ 5ನೇ ತಾರೀಕು ರಾತ್ರಿ ಒಂಬತ್ತಕ್ಕೆ, ಷಟರ್ ಎಳೆಯೋ ಹೊತ್ತಿಗೆ, 'ಬಿಲ್ ಕಟ್ಟು ಬ್ಯಾಗಿಗೆ ಹಾಕು, ನಾಳೆ ಅಕೌಂಟೆಂಟ್‌ಗೆ ಕೊಡು' ಅಂತ ಬರುತ್ತೆ. 17ಕ್ಕೆ ಇನ್ನೊಂದು, '3ಬಿ ಹಾಕಿದ್ರಾ ಅಂತ ಫೋನ್ ಮಾಡಿ ಕೇಳು'. ಬಿ.ಕಾಂ ಅರ್ಧಕ್ಕೆ ಬಿಟ್ಟ ನನಗೆ ಜಿಎಸ್‌ಟಿ ಪೂರ್ತಿ ಗೊತ್ತು ಅಂತ ಹೇಳಲ್ಲ. ಕೈಗೆ ಕೆಲಸ ಹೇಳದ ರಿಮೈಂಡರ್ ಕೆಲಸಕ್ಕೆ ಬರಲ್ಲ ಅನ್ನೋದಷ್ಟು ಗೊತ್ತು.

ಗಾಡಿ ಇನ್ಶೂರೆನ್ಸ್‌ಗೂ ಹೀಗೇ. ಕ್ಯಾಲೆಂಡರ್‌ನಲ್ಲಿ ಒಂದೇ ಇವೆಂಟ್‌ಗೆ ಎರಡು ಮೂರು ನೋಟಿಫಿಕೇಷನ್ ಸೇರಿಸಬಹುದು, 15 ದಿನ ಮುಂಚೆ ಒಂದು, 3 ದಿನ ಮುಂಚೆ ಒಂದು. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟು ವರ್ಷ ಸೇರಿಸಿಕೊಂಡ ನೋ ಕ್ಲೇಮ್ ಬೋನಸ್ ಹೋಗುತ್ತೆ. ಜೀವವಿಮೆ ಕಂತಿಗೆ ಸಾಮಾನ್ಯವಾಗಿ 30 ದಿನ ರಿಯಾಯಿತಿ ಸಮಯ ಇರುತ್ತೆ, ಪ್ರತಿ ತಿಂಗಳು ಕಟ್ಟುವವರಿಗೆ 15 ದಿನ ಮಾತ್ರ. ಮಗನೋ ಹೆಂಡತಿಯೋ ಜೊತೆಗಿದ್ದರೆ ಅವರ ಜಿಮೇಲ್ ವಿಳಾಸವನ್ನು ಅದೇ ಇವೆಂಟ್‌ನಲ್ಲಿ 'ಗೆಸ್ಟ್' ಅಂತ ಸೇರಿಸಿ, ಅವರ ಕ್ಯಾಲೆಂಡರ್‌ಗೂ ಅದು ಹೋಗುತ್ತೆ.

ಕ್ಯಾಲೆಂಡರ್‌ನ ಲಾಭ, ಅದು ಗೂಗಲ್ ಖಾತೆಯಲ್ಲಿರುತ್ತೆ. ಫೋನ್ ಕಳೆದುಹೋದರೂ ಹೊಸದರಲ್ಲಿ ಲಾಗಿನ್ ಆದರೆ ಎಲ್ಲ ವಾಪಸ್. ಅಲಾರಂಗಳು ಹಾಗಲ್ಲ, ಮತ್ತೆ ಇಡಬೇಕಾಗಬಹುದು. ಇದರ ಕೊರತೆ ಅಂದ್ರೆ ಒಂದೇ ಸಲ ಟಿಂಗ್ ಅಂತ ಸುಮ್ಮನಾಗುತ್ತೆ. ಗಿರಾಕಿ ಎದುರಿಗಿದ್ದರೆ ಕೇಳಿಸೋದೇ ಇಲ್ಲ.

ಸೆಟ್ಟಿಂಗ್ ಎಲ್ಲಿ ಬದಲಾಯಿಸಬೇಕು?

ಕ್ಯಾಲೆಂಡರ್ ಆಗಲಿ, ನೀವು ಹಾಕಿಕೊಂಡ ಬೇರೆ ಆ್ಯಪ್ ಆಗಲಿ, ಐಕಾನ್ ಮೇಲೆ ಬೆರಳು ಒತ್ತಿ ಹಿಡಿದರೆ 'ಆ್ಯಪ್ ಇನ್ಫೋ' ಬರುತ್ತೆ. ಅದರೊಳಗೆ ಮೊದಲು ನೋಟಿಫಿಕೇಷನ್ ಆನ್ ಇದೆಯಾ ನೋಡಿ. ಆ್ಯಂಡ್ರಾಯ್ಡ್ 13ರಿಂದ ಹೊಸ ಆ್ಯಪ್ ತೆರೆದಾಗ ಅನುಮತಿ ಕೇಳುತ್ತೆ, ನಾವು ಜಾಹೀರಾತಿನ ಕಾಟ ಅಂತ 'ಬೇಡ' ಒತ್ತಿರ್ತೀವಿ. ಆಮೇಲೆ 'ಬ್ಯಾಟರಿ'ಗೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಮಾಡಿ. ರೆಡ್ಮಿಯಲ್ಲಿ ಅದು 'ನೋ ರಿಸ್ಟ್ರಿಕ್ಷನ್ಸ್', ಜೊತೆಗೆ 'ಆಟೋಸ್ಟಾರ್ಟ್' ಕೂಡ ಆನ್ ಮಾಡಬೇಕು. ವಿವೋದಲ್ಲೂ ಆಟೋಸ್ಟಾರ್ಟ್ ಇದೆ. ಒಪ್ಪೋ, ರಿಯಲ್‌ಮಿಯಲ್ಲಿ 'ಅಲೋ ಆಟೋ ಲಾಂಚ್', 'ಅಲೋ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ' ಎರಡೂ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೆ 'ನೆವರ್ ಸ್ಲೀಪಿಂಗ್ ಆ್ಯಪ್ಸ್' ಪಟ್ಟಿಗೆ ಸೇರಿಸಿ. ಮಾಡೆಲ್‌ನಿಂದ ಮಾಡೆಲ್‌ಗೆ ಜಾಗ ಸ್ವಲ್ಪ ಆಚೀಚೆ ಇರುತ್ತೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿನ ಹುಡುಕೋ ಪಟ್ಟಿಯಲ್ಲಿ ಆ ಹೆಸರು ಟೈಪ್ ಮಾಡಿ.

ಬೇರೆ ರಿಮೈಂಡರ್ ಆ್ಯಪ್ ಹಾಕಿಕೊಂಡವರಿಗೆ ಇನ್ನೊಂದು ಇದೆ: 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್' ಒಳಗಿನ 'ಅಲಾರಮ್ಸ್ ಆ್ಯಂಡ್ ರಿಮೈಂಡರ್ಸ್'. ಆ್ಯಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಹೆಚ್ಚಿನ ಆ್ಯಪ್‌ಗಳಿಗೆ ಈ ಅನುಮತಿ ತಾನಾಗೇ ಸಿಗಲ್ಲ, ನಾವೇ ಕೊಡಬೇಕು. ಹಾಗೇ 'ಫೋರ್ಸ್ ಸ್ಟಾಪ್' ಅನ್ನೋದನ್ನು ಮುಟ್ಟಬೇಡಿ. ಒಮ್ಮೆ ಒತ್ತಿದರೆ ಆ ಆ್ಯಪನ್ನು ಮತ್ತೆ ತೆರೆಯೋವರೆಗೂ ಅದರ ಎಲ್ಲ ರಿಮೈಂಡರ್ ರದ್ದು.

ಐಫೋನ್‌ನವರಿಗೆ ಈ ಬ್ಯಾಟರಿ ತಲೆನೋವು ಇಲ್ಲ. ಆದರೆ ಸೈಲೆಂಟ್ ಮಾಡಿದರೆ ಸಾಮಾನ್ಯವಾಗಿ ರಿಮೈಂಡರ್ ಸದ್ದು ಬರಲ್ಲ, ಅಲಾರಂ ಬರುತ್ತೆ.

ಕರೆಂಟ್ ಹೋಗಿ ಫೋನ್ ಪೂರ್ತಿ ಆಫ್ ಆಗಿತ್ತು ಅನ್ನಿ. ಮತ್ತೆ ಆನ್ ಮಾಡಿದ ಮೇಲೆ ಒಂದು ಸಲ ಪಿನ್ ಹಾಕಿ ತೆರೆದೇ ಇಡಿ. ತೆರೆಯೋವರೆಗೂ ಹೆಚ್ಚಿನ ಆ್ಯಪ್‌ಗಳು ಎದ್ದೇಳಲ್ಲ. ಆಫ್ ಆಗಿರೋ ಸ್ಮಾರ್ಟ್‌ಫೋನ್ ಸಾಮಾನ್ಯವಾಗಿ ಅಲಾರಂ ಹೊಡೆಯೋದೂ ಇಲ್ಲ. ಹಳೇ ಕೀಪ್ಯಾಡ್ ನೋಕಿಯಾ ಆಫ್ ಆಗಿದ್ದರೂ ಹೊಡೀತಿತ್ತು, ಆ ಕಾಲವೇ ಬೇರೆ.

ಎಲ್ಲ ಮಾಡಿದ ಮೇಲೆ ಪರೀಕ್ಷೆ ಮಾಡಿ. ಐದು ನಿಮಿಷಕ್ಕೆ ಇಟ್ಟು ನೋಡಿ 'ಹೊಡೀತು' ಅಂದುಕೊಂಡರೆ ಮೋಸ ಹೋಗ್ತೀರ, ನಾನೂ ಹಾಗೇ ಹೋಗಿದ್ದೆ. ಐದು ನಿಮಿಷದಲ್ಲಿ ಫೋನ್ ಇನ್ನೂ ಮಲಗಿರಲ್ಲ. ರಾತ್ರಿ ಚಾರ್ಜರ್ ತೆಗೆದು, ಸ್ಕ್ರೀನ್ ಆಫ್ ಮಾಡಿ, ಬೆಳಗಿನ ಜಾವಕ್ಕೆ ಒಂದು ರಿಮೈಂಡರ್ ಇಟ್ಟು ಮಲಗಿ. ಅದು ಸಮಯಕ್ಕೆ ಬಂದರೆ ಸರಿ. ನಾಲ್ಕು ದಿನ ಆ ಆ್ಯಪ್ ಮುಟ್ಟದೇ ಇದ್ದು ಇನ್ನೊಂದು ಸಲ ನೋಡಿ. ಫೋನ್ ಅಪ್‌ಡೇಟ್ ಆದಾಗಲೂ ಸೆಟ್ಟಿಂಗ್ ಹಾಗೇ ಇದೆಯಾ ಒಮ್ಮೆ ನೋಡಿಕೊಳ್ಳಿ.

ನಮ್ಮನೇಲಿ ಈಗ ಅಲಾರಂ ದಿನಾ ಹೊಡೀತಿದೆ. ಆದರೂ ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನ ಫೋನ್‌ನಲ್ಲೂ ಒಂದು ಅಲಾರಂ ಇದೆ, ಲೇಬಲ್‌ನಲ್ಲಿ 'ಅಮ್ಮನ ಮಾತ್ರೆ ಎಣಿಸು' ಅಂತ ಬರೆದಿದ್ದೀನಿ. ಹೋದ ಭಾನುವಾರ ಒಂದು ಮಾತ್ರೆ ಹೆಚ್ಚಿತ್ತು. ಕೇಳಿದರೆ, 'ಗುರುವಾರ ಮದುವೆಗೆ ಹೋಗಿದ್ನಲ್ಲೋ, ಫೋನ್ ಮನೇಲೇ ಬಿಟ್ಟಿದ್ದೆ' ಅಂದರು.