ಹೊಸ ಚಿಪ್‌ಗೆ ಮಾತು ಕಲಿಸುವ ಕೆಲಸ

2025ರ ಸೆಪ್ಟೆಂಬರ್ 2ರಂದು ದೆಹಲಿಯ ಸೆಮಿಕಾನ್ ಇಂಡಿಯಾ ಸಮ್ಮೇಳನದಲ್ಲಿ ‘ವಿಕ್ರಮ್ 3201’ ಎಂಬ ಪುಟ್ಟ ಚಿಪ್ ಅನ್ನು ಪ್ರಧಾನಮಂತ್ರಿಯವರಿಗೆ ಕೊಟ್ಟ ದೃಶ್ಯವನ್ನು ತಾವು ಟಿ.ವಿ.ಯಲ್ಲಿ ನೋಡಿರಬಹುದು. ಇಸ್ರೋದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರವೂ ಚಂಡೀಗಢದ ಸೆಮಿಕಂಡಕ್ಟರ್ ಪ್ರಯೋಗಾಲಯವೂ ಸೇರಿ ರಾಕೆಟ್‌ಗಳಿಗಾಗಿ ರೂಪಿಸಿದ 32 ಬಿಟ್ ಪ್ರೊಸೆಸರ್ ಅದು. ಚಿಪ್ ಅನ್ನು ಕ್ಯಾಮೆರಾಕ್ಕೆ ತೋರಿಸಬಹುದು. ಆದರೆ ಅದು ಕೆಲಸ ಮಾಡಬೇಕಾದರೆ ಆಗಬೇಕಾದ ಇನ್ನೊಂದು ದೊಡ್ಡ ಕೆಲಸವನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಕಾಣದ ಆ ಕೆಲಸದ ಬಗ್ಗೆ ಇಲ್ಲಿ ನಾಲ್ಕು ಮಾತು.

ಯಾವುದೇ ಪ್ರೊಸೆಸರ್‌ಗೆ ತಿಳಿಯುವುದು ತನ್ನ ಯಂತ್ರಭಾಷೆ ಮಾತ್ರ. ‘ಈ ಎರಡನ್ನು ಕೂಡಿಸು’, ‘ಆ ಸ್ಥಳಕ್ಕೆ ಜಿಗಿ’ ಎಂಬಂಥ ಆಜ್ಞೆಗಳಿಗೆ ಅಲ್ಲಿ ಒಂದೊಂದು ಅಂಕೆ. ನಾವು ಬರೆಯುವುದಾದರೋ ಸಿ, ಆಡಾ ಮುಂತಾದ ಭಾಷೆಗಳಲ್ಲಿ. ಇದನ್ನು ಅದಕ್ಕೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್. ಬಿಡಿಬಿಡಿಯಾಗಿ ಅನುವಾದವಾದ ತುಂಡುಗಳನ್ನು ಜೋಡಿಸಿ ಒಂದಾಗಿಸುವುದು ಲಿಂಕರ್. ಪ್ರೊಸೆಸರ್ ಹೊಸದಾದರೆ ಭಾಷೆಯೂ ಹೊಸದು. ಇವೆರಡೂ ಸಿದ್ಧವಾಗುವ ತನಕ ಎಂಥ ಚಿಪ್ ಆದರೂ ಮೂಕ.

ಹಾಗಾದರೆ ಪ್ರತಿ ಹೊಸ ಚಿಪ್‌ಗೂ ಎಲ್ಲವನ್ನೂ ಮೊದಲಿನಿಂದ ಬರೆಯಬೇಕೇ? ಉತ್ತರ ಕನ್ನಡದ ಕುಮಟಾ ಪೇಟೆಗೆ ಬನ್ನಿ, ಉತ್ತರ ಅಲ್ಲಿದೆ. ಹವ್ಯಕರ ಮನೆಯಲ್ಲಿ ಹವಿಗನ್ನಡ, ಇನ್ನೊಂದು ಮನೆಯಲ್ಲಿ ಕೊಂಕಣಿ, ಭಟ್ಕಳದಿಂದ ಬಂದವರಲ್ಲಿ ನವಾಯತಿ. ಪೇಟೆಯಲ್ಲಿ ಮಾತ್ರ ಎಲ್ಲರಿಗೂ ನಡುವಿನ ಭಾಷೆ ಕನ್ನಡ. ಈಗ ಅದೇ ತಾಲ್ಲೂಕಿನ ಓಂ ಬೀಚಿಗೆ ಯಾರೂ ಕೇಳದ ಭಾಷೆಯ ಪ್ರವಾಸಿಯೊಬ್ಬ ಬಂದನೆನ್ನಿ. ಮೂರು ದುಭಾಷಿಗಳು ಬೇಡ. ಕನ್ನಡವನ್ನೂ ಅವನ ಭಾಷೆಯನ್ನೂ ಬಲ್ಲ ಒಬ್ಬನಿದ್ದರೆ ಸಾಕು.

1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಜಿಸಿಸಿ, 2000ದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಲ್‌ಎಲ್‌ವಿಎಂ, ಈ ಎರಡು ಮುಕ್ತ ಕಂಪೈಲರ್‌ಗಳೂ ಹೀಗೆಯೇ ನಡೆಯುತ್ತವೆ. ಬರೆದದ್ದು ಯಾವ ಭಾಷೆಯಲ್ಲೇ ಇರಲಿ, ಮೊದಲು ನಡುವಿನ ಒಂದು ರೂಪಕ್ಕೆ ಬರುತ್ತದೆ, ಅಲ್ಲಿಂದ ಯಂತ್ರಭಾಷೆಗೆ ಇಳಿಯುತ್ತದೆ. ಹೊಸ ಪ್ರೊಸೆಸರ್ ಬಂದಾಗ ಬರೆಯಬೇಕಾದದ್ದು ಈ ಕೊನೆಯ ಇಳಿತವನ್ನು ಮಾತ್ರ.

ಆ ಇಳಿತವೇನೂ ಸಣ್ಣದಲ್ಲ. ಯಾವ ಕ್ರಿಯೆಗೆ ಯಾವ ಆಜ್ಞೆ ಎಂಬ ಪಟ್ಟಿ ಬೇಕು. ಪ್ರೊಸೆಸರ್ ಒಳಗಿನ ಬೆರಳೆಣಿಕೆಯ ರಿಜಿಸ್ಟರ್‌ಗಳನ್ನು ಹಂಚುವ ಲೆಕ್ಕಾಚಾರ ಬೇಕು. ಜೊತೆಗೆ ಒಂದು ಒಡಂಬಡಿಕೆ ಬೇಕು. ಊಟದ ಪಂಕ್ತಿಯಲ್ಲಿ ಬಾಳೆ ಎಲೆಯ ಮೇಲೆ ಉಪ್ಪು ಎಲ್ಲಿ, ಪಲ್ಯ ಎಲ್ಲಿ, ಅನ್ನ ಎಲ್ಲಿ ಎಂಬುದಕ್ಕೆ ಕ್ರಮವಿಲ್ಲವೇ? ಯಾರೇ ಬಡಿಸಲಿ, ಉಣ್ಣುವವನ ಕೈಗೆ ಗೊಂದಲವಿಲ್ಲ. ಹಾಗೆಯೇ ಪ್ರೋಗ್ರಾಮಿನ ಒಂದು ತುಂಡು ಇನ್ನೊಂದನ್ನು ಕರೆಯುವಾಗ ಕೊಡುವ ಬೆಲೆಗಳು ಯಾವ ರಿಜಿಸ್ಟರ್‌ನಲ್ಲಿ, ಉತ್ತರ ಯಾವುದರಲ್ಲಿ ಎಂದು ಮೊದಲೇ ನಿಗದಿಯಾಗಬೇಕು. ಎರಡು ತುಂಡುಗಳು ಬೇರೆ ಬೇರೆ ಕ್ರಮ ಹಿಡಿದರೆ ಎರಡೂ ಸರಿಯಿದ್ದು ಒಟ್ಟು ತಪ್ಪುತ್ತದೆ.

ಇನ್ನು ಲಿಂಕರ್. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಸಾಲಾಗಿ ತೀರಗಳಿವೆ. ಓಂ ಬೀಚಿನಲ್ಲಿ ನಿಂತವರಿಗೆ ‘ದಕ್ಷಿಣದ ಗುಡ್ಡ ದಾಟಿದರೆ ಹಾಫ್ ಮೂನ್’ ಎಂದರೆ ಸರಿ. ಅದೇ ಮಾತನ್ನು ಚೀಟಿಯಲ್ಲಿ ಬರೆದು ಕುಡ್ಲೆಯಲ್ಲಿ ಬಿಚ್ಚಿದರೆ ತಲುಪುವುದು ಓಂ ಬೀಚಿಗೆ. ಕಂಪೈಲರ್‌ಗೆ ತಾನು ಅನುವಾದಿಸಿದ ತುಂಡು ಕೊನೆಗೆ ಎಲ್ಲಿ ಕೂರುತ್ತದೆಂದು ಗೊತ್ತಿರುವುದಿಲ್ಲ. ಆದ್ದರಿಂದ ‘ಇಲ್ಲಿ ವಿಳಾಸ ತುಂಬಿ’ ಎಂದು ಗುರುತಿಟ್ಟು ಜಾಗ ಬಿಡುತ್ತದೆ. ಎಲ್ಲ ತುಂಡುಗಳನ್ನೂ ಜೋಡಿಸಿದ ಮೇಲೆ ಪ್ರತಿ ಚೀಟಿಯನ್ನೂ ತಿದ್ದುವುದು ಲಿಂಕರ್.

ತಿದ್ದುವ ರೀತಿ ಪ್ರೊಸೆಸರ್‌ನಿಂದ ಪ್ರೊಸೆಸರ್‌ಗೆ ಬೇರೆ. 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸವನ್ನೇ ನೋಡಿ. ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡಾಕ್ ಸಂಸ್ಥೆಯ ‘ವೇಗ’ ಎರಡೂ ಇದನ್ನೇ ಆಧರಿಸಿದವು. ಅದರ ಒಂದೇ ಆಜ್ಞೆಯಲ್ಲಿ ಪೂರ್ಣ ವಿಳಾಸ ಹಿಡಿಯುವುದಿಲ್ಲ. 4096ರ ಎಷ್ಟು ಪಾಲು ಎಂಬುದು ಒಂದು ಆಜ್ಞೆಯಲ್ಲಿ, ಉಳಿದ ಚಿಲ್ಲರೆ ಇನ್ನೊಂದರಲ್ಲಿ. ಚಿಲ್ಲರೆ 2047 ಮೀರಿದರೆ ಪ್ರೊಸೆಸರ್ ಅದನ್ನು ಋಣಸಂಖ್ಯೆಯಾಗಿ ಓದುತ್ತದೆ. 6000ದ ವಿಳಾಸಕ್ಕೆ ತೊಂದರೆಯಿಲ್ಲ: ಒಂದು ಪಾಲು, ಚಿಲ್ಲರೆ 1904. ಆದರೆ 7000ಕ್ಕೆ ಒಂದು ಪಾಲು, ಚಿಲ್ಲರೆ 2904 ಎಂದು ಬರೆದರೆ ಪ್ರೊಸೆಸರ್ ಹೋಗುವುದು 2904ಕ್ಕೆ! ಅಂಗಡಿಯವರು ‘ನೂರಕ್ಕೆ ಐದು ಕಮ್ಮಿ’ ಎನ್ನುವಂತೆ, ಲಿಂಕರ್ ಎರಡು ಪಾಲಿಗೆ 1192 ಕಮ್ಮಿ ಎಂದು ಬರೆಯಬೇಕು. ಇದನ್ನು ಮರೆತ ಲಿಂಕರ್ ಕೆಲವು ವಿಳಾಸಗಳಲ್ಲಿ ಸರಿಯಾಗಿಯೇ ನಡೆದು ಉಳಿದವುಗಳಲ್ಲಿ ದಾರಿ ತಪ್ಪಿಸುತ್ತದೆ. ಪ್ರೋಗ್ರಾಮನ್ನು ಎಷ್ಟು ಜಾಲಾಡಿದರೂ ತಪ್ಪು ಸಿಗದು, ಏಕೆಂದರೆ ತಪ್ಪು ಅಲ್ಲಿಲ್ಲ.

ರಿಸ್ಕ್-ಫೈವ್‌ಗೆ ಬೇಕಾದ ಈ ಕೆಲಸವನ್ನು ಜಗತ್ತಿನ ಹಲವರು ಹಂಚಿಕೊಂಡು ಮಾಡಿದರು. 2017ರಲ್ಲಿ ಅದು ಜಿಸಿಸಿಯ ಅಧಿಕೃತ ಭಾಗವಾಯಿತು. ಹುಟ್ಟಿನಿಂದ ಅಲ್ಲಿಗೆ ಏಳು ವರ್ಷ.

ಈಗ ವಿಕ್ರಮ್‌ಗೆ ಮರಳೋಣ. 2009ರಿಂದ ನಮ್ಮ ರಾಕೆಟ್‌ಗಳಲ್ಲಿ ದುಡಿಯುತ್ತಿರುವ 16 ಬಿಟ್‌ನ ವಿಕ್ರಮ್ 1601ರ ಮುಂದಿನ ರೂಪ 3201. ಇದರ ಆಜ್ಞೆಗಳ ಪಟ್ಟಿ ಇಸ್ರೋದ ಸ್ವಂತದ್ದು. ಆದ್ದರಿಂದ ಆಡಾ ಕಂಪೈಲರ್, ಅಸೆಂಬ್ಲರ್, ಲಿಂಕರ್, ಚಿಪ್‌ನ ನಡೆಯನ್ನು ಗಣಕದಲ್ಲೇ ಅನುಕರಿಸುವ ಸಿಮ್ಯುಲೇಟರ್, ಎಲ್ಲವನ್ನೂ ಇಸ್ರೋದವರೇ ಸಿದ್ಧಪಡಿಸಬೇಕಾಯಿತು. 2024ರ ಡಿಸೆಂಬರ್‌ನ ಪಿಎಸ್‌ಎಲ್‌ವಿ-ಸಿ60 ಯಾನದಲ್ಲಿ ಈ ಚಿಪ್ ಬಾಹ್ಯಾಕಾಶದಲ್ಲೇ ಪರೀಕ್ಷೆ ಗೆದ್ದಿತು. ಆದರೂ 2025ರ ಮಾರ್ಚ್‌ನಲ್ಲಿ ಮೊದಲ ಕಂತು ಇಸ್ರೋ ಕೈಸೇರಿದಾಗ ಸಿ ಭಾಷೆಯ ಕಂಪೈಲರ್ ಇನ್ನೂ ಸಿದ್ಧವಾಗುತ್ತಿತ್ತು.

ಅದೇ ದಿನ ‘ಕಲ್ಪನಾ 3201’ ಎಂಬ ಇನ್ನೊಂದು ಚಿಪ್ ಕೂಡ ಇಸ್ರೋಗೆ ಬಂತು. ಅದು ಸ್ಪಾರ್ಕ್ ವಿ8 ಎಂಬ ಪ್ರಕಟಿತ ಮಾನಕದ್ದು. ಜಿಸಿಸಿಗೆ ಆ ಭಾಷೆ ದಶಕಗಳಿಂದ ಗೊತ್ತು. ಹಾಗಾಗಿ ಮುಕ್ತವಾಗಿ ಸಿಗುವ ಉಪಕರಣಗಳೇ ಅದಕ್ಕೆ ಹೊಂದುತ್ತವೆ.

ಒಂದೇ ಮನೆಗೆ ಒಂದೇ ದಿನ ಬಂದ ಈ ಎರಡು ಚಿಪ್‌ಗಳು ಎರಡು ದಾರಿಗಳನ್ನು ತೋರಿಸುತ್ತವೆ. ಸ್ವಂತ ಭಾಷೆಯಾದರೆ ಪ್ರತಿ ಆಜ್ಞೆಯೂ ನಮ್ಮ ಹತೋಟಿಯಲ್ಲಿ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕಂಪೈಲರ್‌ನ ಪ್ರತಿ ದೋಷವನ್ನು ಹುಡುಕುವವರೂ ನಾವೇ, ಇಪ್ಪತ್ತು ವರ್ಷದ ನಂತರ ಅದನ್ನು ಬಲ್ಲವರನ್ನು ಉಳಿಸಿಕೊಳ್ಳಬೇಕಾದವರೂ ನಾವೇ. ಹಂಚಿಕೊಂಡ ಭಾಷೆಯಾದರೆ ಲೋಕವೇ ಬಳಸಿ ಪಳಗಿಸಿದ ಉಪಕರಣ ಪುಕ್ಕಟೆ ಸಿಗುತ್ತದೆ, ಆದರೆ ಭಾಷೆಯ ವ್ಯಾಕರಣ ಬೇರೆಯವರದು. ರಾಕೆಟ್‌ನಂಥ ಕೆಲಸಕ್ಕೆ ಮೊದಲ ದಾರಿಯ ಖರ್ಚು ಒಪ್ಪಬಹುದು. ಶಾಲೆಯ ಗಣಕಕ್ಕೋ ಹೊಲದ ಪಂಪಿಗೋ ಚಿಪ್ ಮಾಡುವಾಗ ಎರಡನೆಯದೇ ಜಾಣತನ.

ಸ್ವದೇಶಿ ಚಿಪ್ ಕುರಿತ ಚರ್ಚೆಯನ್ನು ಇನ್ನು ಮುಂದೆ ತಾವು ಪರದೆಯ ಮೇಲೆ ನೋಡಿದಾಗ, ಅದನ್ನು ಎಲ್ಲಿ ತಯಾರಿಸಿದರು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದರ ಕಂಪೈಲರ್ ಬರೆದವರು ಯಾರು, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು?