ಅಜ್ಜನ ‘ಇಂಗ್ಲೆಂಡ್ ಕೋವಿ’ ಎಲ್ಲಿಯದು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ಮೂರು ತಾಲ್ಲೂಕು ಇದೆ. ಒಬ್ಬ ಸಾಗರದವನು, ಒಬ್ಬ ಹೊಸನಗರದವನು, ಒಬ್ಬ ತೀರ್ಥಹಳ್ಳಿಯವನು. ಉಳಿದವರಿಗೆ ಮಾತ್ರ ನಾವು ಮೂವರೂ ಬರೀ ‘ಶಿವಮೊಗ್ಗದ ಕಡೆಯವರು’. ಈ ಸಲದ ದೀಪಾವಳಿ ರಜೆಯಲ್ಲಿ ಮೂವರ ಮನೆಗೂ ಎರಡೆರಡು ದಿನ ಹೋಗೋಣ ಅಂತ ತೀರ್ಮಾನ ಮಾಡಿದೆವು. ಕಡುಬು ತಿನ್ನೋಕೆ ಹೋದವರು ಒಂದು ಪ್ರಶ್ನೆ ಹಿಡ್ಕೊಂಡು ವಾಪಸ್ ಬಂದೆವು: ವಸ್ತುವಿನ ಮೇಲಿರೋ ಹೆಸರಿಗೂ ಅದು ತಯಾರಾದ ಊರಿಗೂ ಸಂಬಂಧ ಇರಲೇಬೇಕಾ?

ತೀರ್ಥಹಳ್ಳಿ: ನಳಿಗೆಯ ಕೆಳಗಿನ ಮುದ್ರೆ

ಮೊದಲು ತೀರ್ಥಹಳ್ಳಿ. ಅಲ್ಲಿ ಅಜ್ಜನ ಹತ್ತಿರ ಒಂದು ಹಳೇ ಜೋಡುನಳಿಗೆ ಕೋವಿ ಇದೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವಂಥದ್ದು. ಮಂಗಗಳನ್ನು ಹೆದರಿಸೋದೇ ಅದರ ಮುಖ್ಯ ಕೆಲಸ. ಎಲೆಕ್ಷನ್ ಬಂದರೆ ಪೊಲೀಸ್ ಠಾಣೆಗೆ ಹೋಗಿ ಕೂರುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. "ಇದು ಇಂಗ್ಲೆಂಡ್ ಕೋವಿ ಮಾರಾಯಾ, ಈಗಿನ ಡಬ್ಬಾ ಅಲ್ಲ" ಅಂದರು ಅಜ್ಜ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಏನೋ ಹೆಸರು ಕೆತ್ತಿತ್ತು, ಅರ್ಧ ಸವೆದು ಹೋಗಿತ್ತು.

ಎಣ್ಣೆ ಹಾಕೋಕೆ ಅಂತ ಅಜ್ಜ ಕೋವಿ ಮುರಿದು, ಒಳಗೆ ಕಾಟ್ರಿಜ್ ಇಲ್ಲ ಅಂತ ಎರಡೆರಡು ಸಲ ನೋಡಿ, ನಳಿಗೆ ಬಿಚ್ಚಿ ನಮ್ಮ ಕೈಗೆ ಕೊಟ್ಟರು. ನಳಿಗೆಯ ಕೆಳಭಾಗದಲ್ಲಿ, ಮರ ಮುಚ್ಚಿಕೊಳ್ಳೋ ಜಾಗದಲ್ಲಿ, ಪುಟ್ಟ ಪುಟ್ಟ ಮುದ್ರೆಗಳಿದ್ದವು. ಒಂದು ಮೊಟ್ಟೆ ಆಕಾರದ ಗೆರೆಯೊಳಗೆ ‘ಇ ಎಲ್ ಜಿ’ ಅಂತ ಮೂರು ಇಂಗ್ಲಿಷ್ ಅಕ್ಷರ, ಮೇಲೊಂದು ಕಿರೀಟ. ಅದು ಇಂಗ್ಲೆಂಡಿನದ್ದಲ್ಲ. ಬೆಲ್ಜಿಯಮ್‌ನ ಲಿಯೇಜ್ ನಗರದ್ದು.

ಇವಕ್ಕೆ ಪ್ರೂಫ್ ಮಾರ್ಕ್ ಅಂತಾರೆ. ಹೊಸ ನಳಿಗೆಗೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದಿದ್ದರೆ ಮಾತ್ರ ಮುದ್ರೆ ಒತ್ತುತ್ತಾರೆ. ನಮ್ಮ ಮೆಟೀರಿಯಲ್ಸ್ ಲ್ಯಾಬ್‌ನ ಭಾಷೆಯಲ್ಲಿ ಹೇಳೋದಾದ್ರೆ ಓವರ್‌ಲೋಡ್ ಟೆಸ್ಟ್. ಲಿಯೇಜ್‌ನಲ್ಲಿ ಈ ಪರೀಕ್ಷೆ 1672ರಲ್ಲೇ ಶುರುವಾಗಿತ್ತು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರದ್ದು. ಅಂದರೆ ನಳಿಗೆಯ ಮೇಲಿನ ದೊಡ್ಡ ಹೆಸರು ಮಾರುವವನ ಮಾತು, ಕೆಳಗಿನ ಚಿಕ್ಕ ಮುದ್ರೆ ಪರೀಕ್ಷೆ ಮಾಡಿದವನ ಮಾತು.

ಹಾಗಾದ್ರೆ ಇಂಗ್ಲಿಷ್ ಹೆಸರು ಯಾಕೆ? 19ನೇ ಶತಮಾನದ ಕೊನೆಯಲ್ಲಿ ಲಿಯೇಜ್‌ನವರು ಕಡಿಮೆ ಬೆಲೆಯ ಕೋವಿಗಳನ್ನು ಲಕ್ಷಗಟ್ಟಲೆ ಮಾಡಿ ಜಗತ್ತಿಗೆಲ್ಲ ಕಳಿಸುತ್ತಿದ್ದರು. ಕೊಳ್ಳೋರಿಗೆ ಇಂಗ್ಲಿಷ್ ಕೋವಿ ಅಂದ್ರೆ ಮರ್ಯಾದೆ. ಹಾಗಾಗಿ ಅಮೆರಿಕದ ಹಾರ್ಡ್‌ವೇರ್ ಅಂಗಡಿಗಳಿಗೆ ಹೋಗುವ ಕೋವಿಗಳ ಮೇಲೂ ಹೆಸರಾಂತ ಇಂಗ್ಲಿಷ್ ಕಂಪನಿಗಳನ್ನು ಹೋಲುವ ಹೆಸರು ಕೆತ್ತುತ್ತಿದ್ದರು. ಬರ್ಮಿಂಗ್‌ಹ್ಯಾಮ್‌ನವರಿಗೆ ಇದು ಎಷ್ಟು ತಲೆನೋವಾಗಿತ್ತು ಅಂದ್ರೆ, 20ನೇ ಶತಮಾನದ ಆರಂಭದಲ್ಲಿ ತಮ್ಮಲ್ಲಿಗೆ ಪರೀಕ್ಷೆಗೆ ಬಂದ ವಿದೇಶಿ ಕೋವಿಗಳ ಮೇಲೆ ‘ಇಂಗ್ಲಿಷ್ ತಯಾರಿಕೆ ಅಲ್ಲ’ ಅಂತಲೇ ಮುದ್ರೆ ಒತ್ತುತ್ತಿದ್ದರು!

‘ಮೇಡ್ ಇನ್’ ಅನ್ನೋ ಪದಗಳು ಎಲ್ಲ ಕಡೆ ಹರಡಿದ್ದೂ ಇಂಥ ಜಗಳದಿಂದಲೇ. ಜರ್ಮನಿಯ ಚಾಕು ಕತ್ತರಿಗಳು ಶೆಫೀಲ್ಡ್‌ನ ಹೆಸರಲ್ಲಿ ಬರ್ತಿವೆ ಅಂತ ಬ್ರಿಟನ್ 1887ರಲ್ಲಿ ಕಾನೂನು ತಂದು, ವಿದೇಶಿ ಸಾಮಾನಿನ ಮೇಲೆ ದೇಶದ ಹೆಸರು ಹಾಕಿಸಿತು. ನಾಚಿಕೆ ಆಗಲಿ ಅಂತ ಹಾಕಿಸಿದ ‘ಮೇಡ್ ಇನ್ ಜರ್ಮನಿ’ ಕೊನೆಗೆ ಗುಣಮಟ್ಟದ ಗುರುತಾಯ್ತು.

ಅಮೆರಿಕದ ಹೆಸರು, ಜಪಾನಿನ ಕೈ

ಇದು ಹಳೇ ಕಾಲದ ಕಥೆ ಅಂದ್ಕೊಂಡು, ಹಾಸ್ಟೆಲಿಗೆ ಬಂದ ಮೇಲೆ ಇವತ್ತಿನ ಕಂಪನಿಗಳನ್ನು ಹುಡುಕಿದೆವು. ಕೌಬಾಯ್ ಸಿನಿಮಾದಲ್ಲಿ ನೋಡೋ ವಿಂಚೆಸ್ಟರ್ ರೈಫಲ್‌ಗಿಂತ ಅಮೆರಿಕನ್ ವಸ್ತು ಬೇರೆ ಇದೆಯಾ? ಅದರ ನ್ಯೂ ಹೇವನ್ ಕಾರ್ಖಾನೆ 2006ರಲ್ಲೇ ಮುಚ್ಚಿದೆ. ಆ ಕೌಬಾಯ್ ಮಾದರಿಯ ವಿಂಚೆಸ್ಟರ್‌ಗಳನ್ನು ಈಗ ಮಾಡೋದು ಜಪಾನಿನ ಮಿರೋಕು ಕಂಪನಿ. ಬ್ರೌನಿಂಗ್ ಕಂಪನಿಯ ಆಫೀಸು ಅಮೆರಿಕದ ಯೂಟಾದಲ್ಲಿದೆ, ಆದರೆ ಅದರ ಪ್ರಸಿದ್ಧ ‘ಸಿಟೋರಿ’ ಜೋಡುನಳಿಗೆ ಕೋವಿಯೂ ಮಿರೋಕುವಿನದ್ದೇ. ಬ್ರೌನಿಂಗ್‌ನ ಒಡೆತನ, ವಿಂಚೆಸ್ಟರ್ ಹೆಸರಿನಲ್ಲಿ ಬಂದೂಕು ಮಾಡಿಸುವ ಹಕ್ಕು ಎರಡೂ ಇರೋದು ಬೆಲ್ಜಿಯಮ್‌ನ ಎಫ್‌ಎನ್ ಸಮೂಹದ ಕೈಯಲ್ಲಿ. ಅದರ ಮನೆ ಹೆರ್ಸ್ಟಾಲ್. ಹೆರ್ಸ್ಟಾಲ್ ಎಲ್ಲಿದೆ? ಲಿಯೇಜ್‌ನ ಪಕ್ಕದಲ್ಲೇ! ತೀರ್ಥಹಳ್ಳಿ ಅಜ್ಜನ ಕೋವಿಯ ಊರಿಗೇ ಬಂದು ನಿಂತೆವು. ಇನ್ನು ಕೋಲ್ಟ್ ಕಂಪನಿಯನ್ನು 2021ರಲ್ಲಿ ಚೆಕ್ ದೇಶದ ಸಮೂಹವೊಂದು ಕೊಂಡುಕೊಂಡಿದೆ. ಅಲ್ಲಿ ಮಾಲೀಕ ಬದಲಾದ, ಅಷ್ಟೇ. ಒಡೆಯ ಯಾರು ಅನ್ನೋದು, ತಯಾರಿ ಎಲ್ಲಿ ಅನ್ನೋದು ಬೇರೆ ಬೇರೆ ಪ್ರಶ್ನೆ.

ಉಲ್ಟಾ ಕೂಡ ಇದೆ. ಅಮೆರಿಕದ ಸೈನ್ಯ 1985ರಲ್ಲಿ ಆರಿಸಿಕೊಂಡ ಪಿಸ್ತೂಲು ಇಟಲಿಯ ಬೆರೆಟಾ ಕಂಪನಿಯದ್ದು, ಆದರೆ ಸೈನ್ಯಕ್ಕಾಗಿ ಅದನ್ನು ಮೇರಿಲ್ಯಾಂಡಿನಲ್ಲಿ ತಯಾರಿಸಿದರು. ನಮ್ಮ ಸೈನ್ಯ 2019ರಲ್ಲಿ 72,400 ರೈಫಲ್‌ಗಳಿಗೆ ಆರ್ಡರ್ ಕೊಟ್ಟಿದ್ದು ಸಿಗ್ ಸಾವರ್‌ಗೆ. ಹೆಸರು ಸ್ವಿಸ್-ಜರ್ಮನ್ ಮೂಲದ್ದು, ಬಂದೂಕು ಅಮೆರಿಕದ್ದು.

ಹಾಗಾದ್ರೆ ‘ಮೇಡ್ ಇನ್ ಯುಎಸ್ಎ’ ಅಂತ ಯಾರು ಬೇಕಾದರೂ ಹಾಕಬಹುದಾ? ಇಲ್ಲ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2021ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಕೊನೆಯ ಜೋಡಣೆ ಅಮೆರಿಕದಲ್ಲಿ ಆಗಿರಬೇಕು, ಮುಖ್ಯ ಕೆಲಸಗಳೆಲ್ಲ ಅಲ್ಲೇ ನಡೆದಿರಬೇಕು, ಬಿಡಿಭಾಗಗಳು ‘ಎಲ್ಲವೂ ಅಥವಾ ಹೆಚ್ಚುಕಮ್ಮಿ ಎಲ್ಲವೂ’ ಅಲ್ಲಿನವೇ ಆಗಿರಬೇಕು. ಹೊರಗಿನ ಬಂದೂಕು ತರಿಸಿದರೆ ತಯಾರಾದ ದೇಶ ಮತ್ತು ತರಿಸಿದವರ ಹೆಸರನ್ನು ಬಂದೂಕಿನ ಮೇಲೇ ಕೆತ್ತಿರಬೇಕು. ಆದರೆ ಬ್ರ್ಯಾಂಡ್ ಹೆಸರಿಗೆ ಇಂಥ ಯಾವ ನಿಯಮವೂ ಇಲ್ಲ. ಹದ್ದು, ಧ್ವಜ, ಕೌಬಾಯ್ ಟೋಪಿಯ ಚಿತ್ರ ಇದ್ದ ಮಾತ್ರಕ್ಕೆ ವಸ್ತು ಅಲ್ಲೇ ತಯಾರಾಯ್ತು ಅಂತ ಅಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯ ಜನ ವಿದೇಶಿ ಬಂದೂಕು ತರಿಸಿಕೊಳ್ಳೋ ದಾರಿ 1980ರ ದಶಕದಿಂದ ಹೆಚ್ಚುಕಡಿಮೆ ಮುಚ್ಚಿದೆ. ಹಾಗಾಗಿ ಹಳೇ ‘ಫಾರಿನ್’ ಕೋವಿಗಳಿಗೆ ಬೆಲೆ ಜಾಸ್ತಿ. ಹೊಸದು ಬೇಕು ಅಂದ್ರೆ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳದ್ದು, ಇಲ್ಲವೇ ಬಿಹಾರದ ಮುಂಗೇರ್, ಜಮ್ಮು ಮುಂತಾದ ಕಡೆಯ ಲೈಸೆನ್ಸ್ ಇರೋ ತಯಾರಕರದ್ದು. ತಮಾಷೆ ಅಂದ್ರೆ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್ ಕೂಡ ರಿವಾಲ್ವರ್ ತಯಾರಿಸೋಕೆ 2020ರಲ್ಲಿ ಆರಿಸಿಕೊಂಡ ಜಾಗ ಉತ್ತರ ಪ್ರದೇಶದ ಸಂಡೀಲಾ. ನಿಜವಾದ ಇಂಗ್ಲಿಷ್ ಹೆಸರು, ಭಾರತದ ಕಾರ್ಖಾನೆ.

ಇಲ್ಲಿ ಪ್ರತಿಷ್ಠೆಗಿಂತ ದೊಡ್ಡ ವಿಷಯ ಒಂದಿದೆ. ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಹಳೇ ನಳಿಗೆಗೆ ಈಗಿನ ಹೊಗೆರಹಿತ ಮದ್ದಿನ ಕಾಟ್ರಿಜ್ ಹಾಕಿದರೆ ನಳಿಗೆ ಒಡೆಯಬಹುದು. ಯಾವ ಮದ್ದಿಗೆ ಪರೀಕ್ಷೆ ಆಗಿದೆ ಅಂತ ತಿಳಿಯೋದು ಪ್ರೂಫ್ ಮಾರ್ಕ್‌ನಿಂದಲೇ. ‘ಇಂಗ್ಲೆಂಡ್ ಕೋವಿ, ಏನೂ ಆಗಲ್ಲ’ ಅನ್ನೋ ನಂಬಿಕೆ ಕೈ ಕಳೆಯಬಹುದು. ಮುಂದಿನ ಸಲ ಪೇಟೆಗೆ ಹೋದಾಗ ಲೈಸೆನ್ಸ್ ಇರೋ ಬಂದೂಕಿನ ಅಂಗಡಿಯವರಿಗೆ ಆ ಮುದ್ರೆಗಳನ್ನು ತೋರಿಸ್ತೀನಿ ಅಂತ ಅಜ್ಜ ಒಪ್ಪಿಕೊಂಡರು.

ಸಾಗರ: ಹುಲ್ಲು ಹೊಡೆಯೋ ಮಷೀನು

ಸಾಗರದ ಮನೆಯಲ್ಲಿ ಕೋವಿ ಇಲ್ಲ, ಹುಲ್ಲು ಹೊಡೆಯೋ ಮಷೀನಿದೆ. ‘ಅಮೆರಿಕನ್ ಟೆಕ್ನಾಲಜಿ’ ಅನ್ನೋ ಸ್ಟಿಕರ್, ಪಕ್ಕದಲ್ಲಿ ಧ್ವಜದ ಚಿತ್ರ. ಅಪ್ಪ ಅದಕ್ಕಾಗಿಯೇ ಹೆಚ್ಚು ದುಡ್ಡು ಕೊಟ್ಟು ತಂದಿದ್ದರು. ಎರಡನೇ ಮಳೆಗಾಲಕ್ಕೆ ಕಾರ್ಬುರೇಟರ್ ಕೆಟ್ಟಿತು, ಸ್ಪೇರ್ ಎಲ್ಲೂ ಸಿಗಲಿಲ್ಲ. ಹಳೇ ಡಬ್ಬ ಹುಡುಕಿ ನೋಡಿದರೆ ಸಣ್ಣ ಅಕ್ಷರದಲ್ಲಿ ‘ಮೂಲ ದೇಶ: ಚೀನಾ’.

ಚೀನಾದ್ದು ಅಂದಕೂಡಲೇ ಕೆಟ್ಟದ್ದು ಅಂತಲ್ಲ. ಮರ ಕೊಯ್ಯೋ ಮಷೀನಿಗೆ ಹೆಸರಾದ ಜರ್ಮನಿಯ ಸ್ಟಿಲ್ ಕಂಪನಿಗೇ ಚೀನಾದ ಚಿಂಗ್‌ಡಾವ್, ಬ್ರೆಜಿಲ್, ಅಮೆರಿಕದ ವರ್ಜೀನಿಯಾಗಳಲ್ಲಿ ಕಾರ್ಖಾನೆಗಳಿವೆ. ಅಮೆರಿಕದ ಜಾನ್ ಡಿಯರ್ ಟ್ರ್ಯಾಕ್ಟರ್ ಪುಣೆಯಲ್ಲಿ ತಯಾರಾಗುತ್ತದೆ. ನಮ್ಮ ಕ್ಲಾಸಿನ ಹುಡುಗರು ಕನಸು ಕಾಣೋ ಹಾರ್ಲೆ ಎಕ್ಸ್440ಯನ್ನು ಹೀರೋ ಕಂಪನಿ ರಾಜಸ್ಥಾನದಲ್ಲಿ ಮಾಡುತ್ತದೆ. ಒಳ್ಳೆ ಕಂಪನಿ ಎಲ್ಲಿ ಮಾಡಿಸಿದರೂ ತನ್ನ ಡ್ರಾಯಿಂಗ್, ತನ್ನ ಟಾಲರೆನ್ಸ್, ತನ್ನ ಇನ್‌ಸ್ಪೆಕ್ಷನ್ ಬಿಡೋದಿಲ್ಲ. ನಮ್ಮ ತಕರಾರು ಇಷ್ಟೇ: ಅಪ್ಪ ದುಡ್ಡು ಕೊಟ್ಟಿದ್ದು ಧ್ವಜಕ್ಕೆ, ಮಷೀನಿಗಲ್ಲ.

ಹಾಗಾದ್ರೆ ಏನು ನೋಡಬೇಕು? ಬಾರ್‌ಕೋಡ್ ನೋಡಿ ಪ್ರಯೋಜನವಿಲ್ಲ. ‘890ರಿಂದ ಶುರುವಾದರೆ ಭಾರತದ್ದು’ ಅಂತ ವಾಟ್ಸ್ಯಾಪಿನಲ್ಲಿ ಬರೋದು ತಪ್ಪು. ಕಂಪನಿ ಆ ನಂಬರನ್ನು ಭಾರತದಲ್ಲಿ ನೋಂದಾಯಿಸಿದೆ ಅಂತ ಮಾತ್ರ ಅದರ ಅರ್ಥ, ಒಳಗಿನ ವಸ್ತು ಎಲ್ಲಿಯದಾದರೂ ಆಗಿರಬಹುದು. 2018ರಿಂದ ಆಮದು ಪ್ಯಾಕೇಜಿನ ಮೇಲೆ ಮೂಲ ದೇಶ ಬರೆಯಲೇಬೇಕು, 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನಿನಲ್ಲೂ ತೋರಿಸಬೇಕು. ‘ಮಾರ್ಕೆಟೆಡ್ ಬೈ’ ಅಂದ್ರೆ ಮಾರಿದವರು, ‘ಇಂಪೋರ್ಟೆಡ್ ಬೈ’ ಅಂದ್ರೆ ತರಿಸಿದವರು, ‘ಟೆಕ್ನಾಲಜಿ’ ಅಂದ್ರೆ ಏನೂ ಅಲ್ಲ. ದುಡ್ಡು ಕೊಡೋ ಮೊದಲು ಡಬ್ಬದ ಸಣ್ಣ ಅಕ್ಷರ ಓದಿ, ಸ್ಪೇರ್ ಎಲ್ಲಿ ಸಿಗುತ್ತದೆ ಅಂತ ಕೇಳಿ.

ಹೊಸನಗರ: ರಾಕೆಟ್ಟು ಮತ್ತು ಅಡಿಕೆ

ಕೊನೆಗೆ ಹೊಸನಗರ. ಈ ತಾಲ್ಲೂಕಿನ ಬಿದನೂರು ನಗರದಲ್ಲಿ 2018ರ ಜುಲೈನಲ್ಲಿ ಪಾಳು ಬಾವಿಯೊಂದರ ಹೂಳು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕಿದ್ದವು. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್‌ಗಳನ್ನು ನೋಡಿಯೇ ಬ್ರಿಟಿಷರ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ತನ್ನ ರಾಕೆಟ್ ಕೆಲಸ ಶುರು ಮಾಡಿದ್ದು. ಅದಕ್ಕೆ ಹೆಸರು ಬಿದ್ದದ್ದು ‘ಕಾಂಗ್ರೀವ್ ರಾಕೆಟ್’. 1814ರಲ್ಲಿ ಬಾಲ್ಟಿಮೋರ್ ಮೇಲೆ ಬ್ರಿಟಿಷರು ಹಾರಿಸಿದ್ದು ಅವನ್ನೇ, ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರೋದೂ ಅವೇ. ಆ ಹೆಸರಿನಲ್ಲಿ ಮೈಸೂರು ಎಲ್ಲೂ ಇಲ್ಲ.

ಆದರೆ ಹೊಸನಗರದ ಮನೆಯಲ್ಲಿ ಅವತ್ತು ಮಾತು ನಡೆದದ್ದು ರಾಕೆಟ್ಟಿನದ್ದಲ್ಲ, ಅಡಿಕೆಯದ್ದು. ಹೊರದೇಶದ ಅಗ್ಗದ ಅಡಿಕೆ ಬಂದು ಇಲ್ಲಿನ ಧಾರಣೆ ಬೀಳದಿರಲಿ ಅಂತ 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೂ ಅಡ್ಡದಾರಿ ಇದೆ. ಇಂಡೋನೇಷ್ಯಾದ ಅಡಿಕೆಯನ್ನು ಸಾರ್ಕ್ ದೇಶದ್ದು ಅಂತ ಸುಳ್ಳು ಮೂಲ ಪ್ರಮಾಣಪತ್ರ ತೋರಿಸಿ, ಸುಂಕ ತಪ್ಪಿಸಿ ತಂದ ಪ್ರಕರಣಗಳು ಡಿಆರ್‌ಐ, ಸಿಬಿಐ ತನಿಖೆಯವರೆಗೂ ಹೋಗಿವೆ. ಲಿಯೇಜ್‌ನ ಕೋವಿಗೆ ಇಂಗ್ಲಿಷ್ ಹೆಸರು ಕೆತ್ತಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆಗ ಮೋಸ ಹೋದವರು ಬರ್ಮಿಂಗ್‌ಹ್ಯಾಮ್‌ನವರು, ಈಗ ನಮ್ಮ ಮನೆಯವರು.

ರಜೆ ಮುಗಿಸಿ ಹೊರಡೋ ಮುಂಚೆ ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸೋದಿತ್ತು. ಅಜ್ಜ ಸ್ಟ್ಯಾಂಡಿಗೆ ಬಂದಿದ್ದರು. ‘ನಿಮ್ಮ ಕೋವಿ ಬೆಲ್ಜಿಯಮ್‌ದು ಅಂತ ಬೇಜಾರಾಯ್ತಾ?’ ಅಂತ ಕೇಳಿದೆವು.

"ಎಂತಕ್ಕೆ ಬೇಜಾರು? ಎಲ್ಲಿದಾದ್ರೂ ಮಂಗ ಓಡ್ತಾವಲ್ಲ" ಅಂದರು.

‘ಅಡಿಕೆಗೂ ಹಂಗೇ ಹೇಳ್ತೀರಾ ಅಜ್ಜ? ಎಲ್ಲಿದಾದ್ರೂ ಬಾಯಿ ಕೆಂಪಾಗುತ್ತಲ್ಲ ಅಂತ?’

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕು, "ಅದು ಬೇರೆ ವಿಷಯ ಮಾರಾಯಾ, ಬಸ್ಸು ಬಂತು ಹತ್ತಿ" ಅಂದರು.