ನಿಮಗಿದು ಗೊತ್ತೆ? ತಲೆ ಎಣಿಸಿ ಕೊಡುವ ರಸ್ತೆ

ಹಳ್ಳಿಗೆ ಸರ್ವಋತು ರಸ್ತೆ ಬರಬೇಕಾದರೆ ಅಲ್ಲಿ ಎಷ್ಟು ಜನರಿದ್ದಾರೆ ಎಂಬುದೇ ಮೊದಲ ಪ್ರಶ್ನೆ. 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದ ಜನವಸತಿಗೆ ಕನಿಷ್ಠ 500 ಮಂದಿಯ ಮಿತಿ ಹಾಕಿತು. ಗುಡ್ಡಗಾಡು ರಾಜ್ಯ, ಮರುಭೂಮಿ ಮತ್ತು ಬುಡಕಟ್ಟು ಪ್ರದೇಶಗಳಿಗೆ 250 ಸಾಕು. ಆಗ ಲೆಕ್ಕಕ್ಕೆ ಆಧಾರವಾಗಿದ್ದುದು 2001ರ ಜನಗಣತಿ.

ಬಯಲಿನಲ್ಲಿ 500 ಮೀಟರ್ ಫಾಸಲೆಯೊಳಗಿನ ಹಟ್ಟಿ, ಕೇರಿಗಳ ಜನರನ್ನು ಒಟ್ಟು ಸೇರಿಸಿ ಎಣಿಸಲು ಅವಕಾಶವಿದೆ. ಆದರೂ ತೋಟಕ್ಕೊಂದು ಮನೆಯಿರುವ ಮಲೆನಾಡಿನಂಥ ಕಡೆ ಈ ಸಂಖ್ಯೆ ಮುಟ್ಟುವುದು ಕಷ್ಟವೇ.

ಇದ್ದ ದಾರಿಯನ್ನೇ ನೀರಿಗೆ ಕಳೆದುಕೊಂಡ ಊರುಗಳೂ ಇವೆ. 1964ರಲ್ಲಿ ಜಲವಿದ್ಯುತ್ತಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿನ್ನೀರು ಹರಡಿದಾಗ, ಸಾಗರ ತಾಲ್ಲೂಕಿನ ತುಮರಿ ಸುತ್ತಲಿನ ಹಳ್ಳಿಗಳು ಆಚೆ ದಡದಲ್ಲೇ ಉಳಿದವು. ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟುಕೊಟ್ಟವರಿಗೆ ದಶಕಗಳ ಕಾಲ ಲಾಂಚೇ ಗತಿ! ಜನ, ಬೈಕು, ಜೀಪು ಎಲ್ಲವೂ ಅದರಲ್ಲೇ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸುತ್ತಿರಲಿಲ್ಲ.

ಕೊನೆಗೆ ಈ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಸಿಗಂದೂರು ದೇವಸ್ಥಾನಕ್ಕೆ ಹೋಗುವ ಭಕ್ತರಿಗೂ ಈಗ ಇದೇ ದಾರಿ.